ಎಂಟು ಹೆಂಚಿನ ಬೆನ್ನಿಗೆ ಸಂದು ಚುಕ್ಕಿ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಡಬ್ಬಿ ಹಿಡಿದು ಬಗ್ಗುವ ಹೊತ್ತಿಗೆ ನನ್ನ ಕೈ ಎದ್ದಿರುತ್ತದೆ, ಬುದ್ಧಿ ಇನ್ನೂ ಎದ್ದಿರುವುದಿಲ್ಲ. ಕಣ್ಣಿನಲ್ಲಿ ಕನಸಿನ ಕೊನೆಯ ತುಣುಕು ಅಂಟಿಕೊಂಡಿರುವಾಗಲೇ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿ ತಾನಾಗಿ ಇಳಿದು, ಹದಿನೈದು ಚುಕ್ಕಿ, ಅದರ ಸಂದುಗಳಲ್ಲಿ ಹದಿನಾಲ್ಕು, ಮತ್ತೆ ಅದರ ಸಂದುಗಳಲ್ಲಿ ಹದಿಮೂರು ಎಂದು ಸಾಲುಗಳು ನೆಲದ ಮೇಲೆ ಪ್ರತ್ಯಕ್ಷವಾಗುತ್ತವೆ. ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ವಾಕಿಂಗ್ ಹೊರಟ ಹಿರಿಯರು ಒಂದು ಕ್ಷಣ ನಿಂತು, "ಅಳತೆ ಇಟ್ಟು ಹಾಕ್ದಂಗಿದೆ ಕಣ್ರೀ" ಎಂದು ಮೆಚ್ಚಿ ಮುಂದೆ ಹೋಗುತ್ತಾರೆ. ಅಳತೆ ಇಡದೆಯೇ ಹಾಕಿದ್ದೇನೆಂಬುದು ನನ್ನ ಗುಪ್ತ ಅಹಂಕಾರ. ರಂಗೋಲಿಯ ಸಹವಾಸವಿಲ್ಲದ ಓದುಗರು ಇಷ್ಟು ತಿಳಿದುಕೊಂಡರೆ ಸಾಕು: ಚುಕ್ಕಿಯ ಕೆಳಗೇ ಚುಕ್ಕಿ ಬಂದರೆ ಅದು ನೇರ ಚುಕ್ಕಿ, ಎರಡು ಚುಕ್ಕಿಗಳ ನಡುವಿನ ಖಾಲಿ ಜಾಗಕ್ಕೆ ಮುಂದಿನ ಸಾಲಿನ ಚುಕ್ಕಿ ಬಂದು ಕುಳಿತರೆ ಅದು ಸಂದು ಚುಕ್ಕಿ. ನಮ್ಮ ಅಜ್ಜಿ ಸಂದು ಚುಕ್ಕಿಯವರು. ಖಾಲಿ ಜಾಗ ಕಂಡರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ಆ ಗುಣ ನನಗೆ ಬಳುವಳಿಯಾಗಿ ಬಂದಿದೆ.

ಇದೇ ಕೈಯನ್ನು ನಂಬಿಕೊಂಡು ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಅನ್ನ ಉಂಡೆ. ಊರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಆಗ ಚಿತ್ರಕಾರರ ಹುದ್ದೆ ಎಂಬುದೊಂದಿತ್ತು. ಕಪ್ಪೆಯ ಹೃದಯ, ಮೀನಿನ ಮೆದುಳು, ಎರೆಹುಳುವಿನ ನರಮಂಡಲ ಇವೆಲ್ಲವನ್ನೂ ಆಳೆತ್ತರದ ಪಟಗಳಲ್ಲಿ ಬರೆದು ಗೋಡೆಗೆ ತೂಗುಹಾಕುವುದು ನನ್ನ ಕಾಯಕವಾಗಿತ್ತು. ಅಡುಗೆಮನೆಯಲ್ಲಿ ಜಿರಳೆ ಕಂಡರೆ ಕುರ್ಚಿ ಹತ್ತುವ ನಾನು ಅದರ ಕರುಳಿನ ತಿರುವುಗಳನ್ನು ಕಣ್ಣು ಮುಚ್ಚಿ ಬರೆಯಬಲ್ಲೆ ಎಂಬುದು ನಮ್ಮ ಯಜಮಾನರಿಗೆ ಇಂದಿಗೂ ಬಗೆಹರಿಯದ ಒಗಟು. ಕಂಪ್ಯೂಟರು ಬಂತು, ಕ್ಯಾಮೆರಾ ಬಂತು, ನನ್ನೊಂದಿಗೆ ನನ್ನ ಹುದ್ದೆಯೂ ನಿವೃತ್ತವಾಯಿತು. ಬೀಳ್ಕೊಡುಗೆಯ ದಿನ ಶಾಲು ಹೊದ್ದುಕೊಂಡು, ಫೋಟೊ ಎಲ್ಲವನ್ನೂ ತೋರಿಸುತ್ತದೆ, ಚಿತ್ರ ಬೇಕಾದ್ದನ್ನು ಮಾತ್ರ ತೋರಿಸುತ್ತದೆ ಎಂದು ನಾನೊಂದು ಭಾಷಣ ಬಿಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಒಳಗೊಳಗೇ ತಟ್ಟಿಕೊಂಡೆ.

ಹೀಗೆ ಮೂಲೆ ಸೇರಿದ್ದ ನನ್ನನ್ನು ಹುಡುಕಿಕೊಂಡು ಕಳೆದ ಚಳಿಗಾಲದಲ್ಲಿ ಪವಿತ್ರ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದಳು. ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ಪಕ್ಕದ ಹಳ್ಳಿಯವಳು. ಅವಳ ತಂದೆ ಸ್ವಲ್ಪ ಹೊಲ ನೋಡಿಕೊಂಡು ಉಳಿದ ಹೊತ್ತು ಗೂಡ್ಸ್ ಆಟೊ ಓಡಿಸುತ್ತಾರೆ. ಅವಳ ಮನೆಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಹಾರುತ್ತವೆಂದರೆ ಮಹಡಿಯಲ್ಲಿ ಒಣಹಾಕಿದ ಹಪ್ಪಳ ನಡುಗುತ್ತವಂತೆ. ಇಂಥ ಆಕಾಶಮಾರ್ಗದ ಹುಡುಗಿ ಆರಿಸಿಕೊಂಡದ್ದು ಸಮುದ್ರದ ಅಡಿಯ ಜೀವಿಗಳನ್ನು. ನಮ್ಮ ಊರಿನಲ್ಲಿ ಜಲರಾಶಿ ಎಂದರೆ ಕುಕ್ಕರಹಳ್ಳಿ ಕೆರೆ. ಪವಿತ್ರ ಸಮುದ್ರವನ್ನು ಕಣ್ಣಾರೆ ಕಂಡದ್ದೇ ಎರಡು ಸಲ. ಅವಳು ಚೀಲದಿಂದ ಬೆರಳುದ್ದದ ಸೀಸೆಯೊಂದನ್ನು ತೆಗೆದು ನನ್ನ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ಬಹಳ ಜೋಪಾನವಾಗಿ ಇಟ್ಟಳು. "ಇದೊಂದೇ ಇರೋದು ಮೇಡಂ. ಒಡೆದ್ರೆ ಇನ್ನೊಂದಿಲ್ಲ" ಎಂದಳು. ನಾನು ಉಪ್ಪಿನಕಾಯಿ ಜಾಡಿಯನ್ನು ದೂರ ಸರಿಸಿದೆ.

ಸೀಸೆಯ ಮದ್ಯಸಾರದಲ್ಲಿ ಇದ್ದದ್ದು ಕೈಟನ್ ಜಾತಿಯ ಪ್ರಾಣಿ. ಬಸವನಹುಳುವಿನ ದೂರದ ನೆಂಟ ಎನ್ನಬಹುದು. ಆದರೆ ಬಸವನಹುಳುವಿಗೆ ಒಂದೇ ಚಿಪ್ಪು, ಇದಕ್ಕೆ ಎಂಟು. ಮನೆಯ ಮಾಡಿಗೆ ಹೊದಿಸಿದ ಹೆಂಚಿನಂತೆ ಒಂದರ ತುದಿ ಇನ್ನೊಂದರ ಮೇಲೆ ಕೂರುವ ಎಂಟು ಹೆಂಚುಗಳು, ಸುತ್ತಲೂ ಒಂದು ತೊಗಲಿನ ಅಂಚು. ಇಷ್ಟೆಲ್ಲ ವೈಭವ ನನ್ನ ಕಿರುಬೆರಳಿನ ಉಗುರಿನಷ್ಟು ಉದ್ದದಲ್ಲಿ. ಸಾಮಾನ್ಯ ಕೈಟನ್‌ಗಳು ದಡದ ಬಂಡೆಗಳಿಗೆ ಅಂಟಿಕೊಂಡು ಬಿಸಿಲು, ಅಲೆ, ಪ್ರವಾಸಿಗರು ಎಲ್ಲವನ್ನೂ ಸಹಿಸಿಕೊಂಡು ಬದುಕುತ್ತವೆ. ಈ ಮಹಾಶಯ ಮಾತ್ರ ಬೆಳಕೇ ಮುಟ್ಟದ ಆಳದವನು. ಸಮೀಕ್ಷೆಗೆ ಹೋದ ಹಡಗೊಂದರ ಬಲೆಯಲ್ಲಿ ಮುಳುಗಿದ ಮರದ ತುಂಡೊಂದು ಬಂದಿತ್ತು. ಮೀನು ಸಿಗಡಿಗಳನ್ನು ಅವುಗಳ ಪಂಡಿತರು ಹಂಚಿಕೊಂಡ ಮೇಲೆ ಯಾರಿಗೂ ಬೇಡವಾಗಿ ಉಳಿದ ಆ ತುಂಡು, ಅದಕ್ಕೆ ಅಂಟಿಕೊಂಡಿದ್ದ ಈ ಏಕೈಕ ನಿವಾಸಿಯೊಡನೆ, ಮೈಸೂರಿಗೆ ಬಂದು ಸೇರಿತು.

ಆ ಮರದ ತುಂಡಿನ ಯೋಚನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಯಾವ ದಡದ ಯಾವ ಮರವೋ, ಯಾವ ಪ್ರವಾಹದಲ್ಲಿ ಬುಡ ಕಳಚಿ ಹೊಳೆಯ ಪಾಲಾಯಿತೋ. ಹೊಳೆ ಅದನ್ನು ಸಮುದ್ರಕ್ಕೆ ಕೊಟ್ಟಿತು, ಸಮುದ್ರ ಬಹುಕಾಲ ತೇಲಿಸಿ, ನೀರು ಕುಡಿಸಿ ಭಾರ ಮಾಡಿ, ಕೊನೆಗೊಂದು ದಿನ ಮೆಲ್ಲನೆ ಕೆಳಗಿಳಿಸಿತು. ಹಸಿರು ನೀರು ನೀಲಿಯಾಗಿ, ನೀಲಿ ಕಪ್ಪಾಗಿ, ಆಮೇಲೆ ಕಪ್ಪೆನ್ನಲೂ ಯಾರೂ ಇಲ್ಲದ ನೀರವದಲ್ಲಿ ಅದು ಕೆಸರಿನ ಮೇಲೆ ಒರಗಿತು. ಅಲ್ಲಿ ಈ ಕೈಟನ್ ಅದನ್ನು ಹೇಗೋ ಪತ್ತೆಮಾಡಿ, ಹತ್ತಿ, ಮನೆ ಮಾಡಿತು. ಕಣ್ಣಿಲ್ಲದ ಪ್ರಾಣಿ, ಬೆಳಕಿಲ್ಲದ ಲೋಕ. ಆದರೂ ಅದರ ಬೆನ್ನಿನ ಹೆಂಚುಗಳ ಮೇಲೆ ರವೆಯಂಥ ಸಣ್ಣ ಸಣ್ಣ ಕಾಳುಗಳ ಕುಸುರಿ. ನಾವು ಹಾಕುವ ಚುಕ್ಕಿ ನಾಲ್ಕು ಜನ ನೋಡಲಿ ಎಂದು. ಅದು ಯಾರು ನೋಡಲಿ ಎಂದು? ಮಧ್ಯಾಹ್ನ ಪುಸ್ತಕ ಹಿಡಿದು ಮಲಗಿದರೆ ಈ ಪ್ರಶ್ನೆ ನನ್ನನ್ನು ಹೊತ್ತುಕೊಂಡು ನಿಧಾನವಾಗಿ ಆಳಕ್ಕೆ ಇಳಿಯುತ್ತಿತ್ತು. ಎಚ್ಚರವಾದಾಗ ಕಾಫಿ ಹೊತ್ತು ಮೀರಿರುತ್ತಿತ್ತು.

ಪ್ರಾಣಿಗಳನ್ನು ವರ್ಣಿಸುವ ಶಾಸ್ತ್ರಕ್ಕೆ ತನ್ನದೇ ಒಂದು ಶೈಲಿ ಇದೆ. ದೇಹ ನೀಳ ಅಂಡಾಕಾರ, ಉಬ್ಬು ಸಾಧಾರಣ, ಬಣ್ಣ ಮಾಸಲು ಬಿಳಿ, ಅಂಚು ಕಿರಿದು. ನಮ್ಮ ಪತ್ರಿಕೆಗಳ ವಧೂವರರ ಅಂಕಣ ಓದಿದ ಹಾಗೆಯೇ. ಸದ್ಗೃಹಸ್ಥ ಮನೆತನ ಎಂಬುದೊಂದು ಮಾತ್ರ ಬಾಕಿ. ಹಾಗೆ ವರ್ಣಿಸುತ್ತಾ ಹೋಗಿ, ಈಗಾಗಲೇ ಗೊತ್ತಿರುವ ಯಾವ ಪ್ರಭೇದಕ್ಕೂ ಅದು ಹೊಂದದಿದ್ದರೆ ಹೊಸತೆಂದು ಘೋಷಿಸಿ ನಾಮಕರಣ ಮಾಡಬಹುದು. ಪವಿತ್ರಳ ಪ್ರಾಣಿ ಎಲ್ಲ ಲಕ್ಷಣಗಳಲ್ಲೂ ಬೇರೊಂದು ಸಮುದ್ರದಲ್ಲಿ ಎಂದೋ ಸಿಕ್ಕಿದ್ದ ಒಂದು ಪ್ರಭೇದವನ್ನು ಹೋಲುತ್ತಿತ್ತು. ನಿರ್ಣಯವೆಲ್ಲ ನಿಂತದ್ದು ಬೆನ್ನಿನ ನಡುಭಾಗದ ಆ ಕಾಳುಗಳ ಮೇಲೆ. ಗೊತ್ತಿದ್ದ ಪ್ರಭೇದದಲ್ಲಿ ಅವು ಒಂದರ ಹಿಂದೊಂದು ನೇರ ಸಾಲು. ಇದರಲ್ಲಿ ಹಾಗಿಲ್ಲದಿದ್ದರೆ ಇದು ಹೊಸದು, ಅವಳ ಮೂರು ವರ್ಷದ ದುಡಿಮೆಗೆ ಕಿರೀಟ. ನೇರವಾಗಿಯೇ ಇದ್ದರೆ ಹಳೆಯದು, ಇಲ್ಲೂ ಸಿಕ್ಕಿತು ಎಂಬ ಅರ್ಧ ಪುಟದ ಟಿಪ್ಪಣಿ. ಕಾಲೇಜಿನ ಕ್ಯಾಮೆರಾದಲ್ಲಿ ಬರೀ ಹೊಳಪು ಬರುತ್ತಿತ್ತು. ದೊಡ್ಡ ಯಂತ್ರದಲ್ಲಿ ಚಿತ್ರ ತೆಗೆಸಬೇಕಾದರೆ ಹೆಂಚುಗಳನ್ನು ಬಿಡಿಸಿ ಲೋಹದ ಲೇಪ ಹಾಕಬೇಕು, ಇರುವುದೊಂದೇ ಪ್ರಾಣಿಗೆ ಅಂಥ ಚಿತ್ರಹಿಂಸೆ ಬೇಡವೆಂದು ಅವಳ ಮಾರ್ಗದರ್ಶಕರು ತಡೆದಿದ್ದರು. ಹಾಗಾಗಿ ಸುಶೀಲಾ ಮೇಡಂ ಬರೆಯಲಿ ಎಂದಾಯಿತು.

ಬರೆದೆ. ವಿಭಾಗದ ಹಳೆಯ ಸೂಕ್ಷ್ಮದರ್ಶಕಕ್ಕೆ ಪಕ್ಕದಲ್ಲೊಂದು ಕನ್ನಡಿಯ ಕೊಳವೆ ಜೋಡಿಸಿದರೆ ಒಳಗಿನ ಪ್ರಾಣಿಯೂ ಹೊರಗಿನ ನಮ್ಮ ಕೈಯೂ ಒಂದೇ ನೋಟದಲ್ಲಿ ಕಾಣುತ್ತವೆ. ಪೆನ್ಸಿಲು ಅದರ ಬೆನ್ನಿನ ಮೇಲೇ ತೇಲಿದಂತಿರುತ್ತದೆ. ಹೊರರೇಖೆ, ಹೆಂಚಿನ ಏಣು, ಅಂಚಿನ ಮುಳ್ಳು ಎಲ್ಲವನ್ನೂ ಹೀಗೆ ನಿಷ್ಠೆಯಿಂದ ಇಳಿಸಿಕೊಂಡೆ. ಕಾಳುಗಳನ್ನು ಬೆಳಕು ಚೆನ್ನಾಗಿ ಬೀಳುವ ಪಕ್ಕದ ಭಾಗದಲ್ಲಿ ಒಂದಿಷ್ಟು ಗುರುತಿಸಿಕೊಂಡೆ; ಅಲ್ಲಿ ಅವು ಒತ್ತೊತ್ತಾಗಿ, ಒಂದರ ಸಂದಿಗೆ ಇನ್ನೊಂದು ನುಗ್ಗಿದಂತಿದ್ದವು. ನಡುಭಾಗದಲ್ಲಿ ಹೊಳಪು ಕಣ್ಣಿಗೆ ಕುಕ್ಕುತ್ತಿತ್ತು. ಮಾದರಿ ಸಿಕ್ಕಿತಲ್ಲ, ಉಳಿದದ್ದನ್ನು ಮನೆಯಲ್ಲಿ ತುಂಬಿಸಿದರಾಯಿತು ಎಂದುಕೊಂಡೆ. ಇದು ನಮ್ಮ ವೃತ್ತಿಯ ವಾಡಿಕೆ. ಮೀನಿನ ಹುರುಪೆಗಳನ್ನು ಯಾವ ಚಿತ್ರಕಾರರೂ ಒಂದೊಂದಾಗಿ ನೋಡಿ ಬರೆಯುವುದಿಲ್ಲ. ಬೆಳಗಿನ ಕಾಫಿ ಮುಗಿಸಿ, ರೇಡಿಯೊ ಹಚ್ಚಿಕೊಂಡು, ಸೂಜಿಮೊನೆಯ ಪೆನ್ನಿನಿಂದ ಎಂಟೂ ಹೆಂಚುಗಳಿಗೆ ಚುಕ್ಕಿ ಇಟ್ಟೆ. ಆ ದಿನಗಳು ಬಲು ಹಿತವಾಗಿದ್ದವು.

ಪವಿತ್ರ ಚಿತ್ರದ ನಡುಭಾಗಕ್ಕೆ ಮುಖ ಹತ್ತಿರ ಒಯ್ದು ನೋಡಿದಳು. ಆಮೇಲೆ, "ಮೇಡಂ, ನಡುವೆ ನೇರ ಸಾಲಿಲ್ಲ ಅಲ್ವಾ? ಖಂಡಿತಾ ತಾನೆ?" ಎಂದು ಕೇಳಿದಳು. ನಾನು ನಿವೃತ್ತ ಗಾಂಭೀರ್ಯದಿಂದ, "ಚಿತ್ರದಲ್ಲಿ ಇದೆಯಲ್ಲಮ್ಮ" ಎಂದೆ. ಅವಳು ಮತ್ತೆ ಕೇಳಲಿಲ್ಲ. ಎರಡು ದಿನಕ್ಕೆ ಅವಳ ಅಮ್ಮ ಮಾಡಿದ ಒಬ್ಬಟ್ಟಿನ ಡಬ್ಬಿಯೊಂದಿಗೆ ಬಂದು, ಪ್ರಭೇದ ಹೊಸದೆಂದು ಮಾರ್ಗದರ್ಶಕರೂ ಒಪ್ಪಿದರೆಂದೂ, ಅದಕ್ಕೆ ನನ್ನ ಹೆಸರನ್ನೇ ಇಡುವುದೆಂದೂ ಒಂದೇ ಉಸಿರಿನಲ್ಲಿ ಹೇಳಿದಳು. ಹೆಂಗಸರ ಹೆಸರಿಟ್ಟರೆ ಲ್ಯಾಟಿನ್ ಸಂಪ್ರದಾಯದಂತೆ ಕೊನೆಯಲ್ಲಿ ಏಕಾರ ಬರಬೇಕಂತೆ. ಸುಶೀಲಾ ಹೋಗಿ ಸುಶೀಲೇ ಆಗುತ್ತದೆ, ಕಂಪನಿ ನಾಟಕದ ರಾಜ ಉಪ್ಪರಿಗೆಯಿಂದ ಕರೆದ ಹಾಗೆ. ನಾನು ಬೇಡ ಬೇಡ ಎಂದೆ. ಎಷ್ಟು ಮೆಲ್ಲಗೆ ಎಂದೆನೆಂದರೆ ಅವಳಿಗೆ ಕೇಳಿಸಿರಲಾರದು.

ಅಂದಿನಿಂದ ನಾನು ಸಮುದ್ರದ ಸಂಬಂಧಿಕಳಾದೆ. ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ಅಲ್ಲಿ ಎಲ್ಲೋ ಅಗಾಧ ಜಲಸ್ತರದ ಕೆಳಗೆ ನನ್ನ ಹೆಸರಿನವರು ಸಂದು ಚುಕ್ಕಿಯ ಸೀರೆ ಉಟ್ಟು, ಯಾರ ಗೊಡವೆಯೂ ಇಲ್ಲದೆ, ಮರದ ತುಂಡಿನ ಮೇಲೆ ಗಂಟೆಗೊಂದು ಅಂಗುಲದಂತೆ ವಿಹರಿಸುತ್ತಿದ್ದಾರೆ ಎಂದು ನೆನೆದು ನಗುತ್ತಿದ್ದೆ. ಯಜಮಾನರು ಮಾತ್ರ, "ಹುಳಕ್ಕೆ ಹೆಸರಿಟ್ಟಿದ್ದಕ್ಕೆ ಇಷ್ಟು ಜಂಬ ಪಡೋರನ್ನ ನಾನು ನೋಡಿರ್ಲಿಲ್ಲ ಕಣೆ" ಎಂದರು. ಅವರು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು. ಈಗ ಬೇರೆ ಮಾಲು ಸಿಗದೆ ನಾನು ಹುಯ್ದ ದೋಸೆಗಳನ್ನು ತಪಾಸಣೆ ಮಾಡುತ್ತಾರೆ.

ಪವಿತ್ರ ಲೇಖನವನ್ನು ಸೋಮವಾರ ಕಳುಹಿಸುವವಳಿದ್ದಳು. ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ, ವಾರಪತ್ರಿಕೆಯಲ್ಲಿ ಕಂಡ ಹೊಸ ರಂಗೋಲಿಯೊಂದನ್ನು ಹಾಕೋಣವೆಂದು ಬಾಗಿಲಿಗೆ ಹೋದೆ. ಏಳಕ್ಕೆ ಏಳು, ನೇರ ಚುಕ್ಕಿ. ಮನಸ್ಸಿನಲ್ಲಿ ಅದನ್ನೇ ಹೇಳಿಕೊಂಡು ಬಗ್ಗಿದೆ. ಹಾಲಿನವನ ಜೊತೆ ಎರಡು ಮಾತಾಡಿ ಮತ್ತೆ ನೆಲ ನೋಡಿದರೆ, ಏಳು ಚುಕ್ಕಿಗಳ ಸಾಲು, ಅದರ ಸಂದುಗಳಲ್ಲಿ ಆರು, ಅದರ ಸಂದುಗಳಲ್ಲಿ ಐದು. ನಾನು ಹಾಕಿದ್ದಲ್ಲ, ಕೈ ಹಾಕಿತ್ತು. ನಗು ಬಂತು. ನಗು ಮುಗಿಯುವ ಮೊದಲೇ ಎಂಟು ಹೆಂಚುಗಳು ಕಣ್ಣ ಮುಂದೆ ಬಂದವು.

ಅವತ್ತೇ ಕಾಲೇಜಿಗೆ ಹೋದೆ. ಕನ್ನಡಕ ಇಲ್ಲೇ ಬಿಟ್ಟುಹೋಗಿದ್ದೇನೇನೋ ಎಂದು ಅಟೆಂಡರಿಗೆ ಸುಳ್ಳು ಹೇಳಿ, ಪ್ರಾಣಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ದೀಪವನ್ನು ಓರೆಯಾಗಿಸಿ, ಹೊಳಪನ್ನು ಬಿಳಿ ಕಾಗದದಿಂದ ಮರೆಮಾಡಿ, ನಡುಭಾಗವನ್ನು ನೋಡಿದೆ. ಕಾಳಿನ ಹಿಂದೆ ಕಾಳು, ಅದರ ಹಿಂದೆ ಕಾಳು. ಸಾಲಿಗೆ ನಿಂತ ಶಾಲಾಮಕ್ಕಳಷ್ಟು ನೇರ. ಒಂದು ಹೆಂಚಿನಲ್ಲಾದರೂ ಬೇರೆ ಇರಬಹುದೆಂಬ ಆಸೆಯಿಂದ ಎಂಟನ್ನೂ ನೋಡಿದೆ. ಎಂಟೂ ಹಾಗೆಯೇ. ಭೂಮಂಡಲದ ಯಾವ ಸಮುದ್ರದಲ್ಲೂ ಇಲ್ಲದ ಒಂದು ಪ್ರಾಣಿಯನ್ನು ನಾನು ವಿದ್ಯಾರಣ್ಯಪುರದ ಊಟದ ಮೇಜಿನ ಮೇಲೆ ಸೃಷ್ಟಿಸಿ, ಅದಕ್ಕೆ ನನ್ನ ಹೆಸರನ್ನೂ ಇರಿಸಿಕೊಂಡಿದ್ದೆ.

ಓದುಗರೇ, ಆ ರಾತ್ರಿಯವರೆಗೂ ನನ್ನ ತಲೆಯಲ್ಲಿ ಓಡಿದ ಯೋಚನೆಗಳನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಇರುವುದೊಂದೇ ಪ್ರಾಣಿ, ಸೀಸೆಯೊಳಗೆ. ಯಾರು ಮತ್ತೆ ನೋಡುತ್ತಾರೆ? ಆ ಆಳಕ್ಕೆ ಇಳಿದು ಯಾರು ಪರೀಕ್ಷಿಸುತ್ತಾರೆ? ಹುಡುಗಿಗೆ ಸಂತೋಷವಾಗಿದೆ, ಅವಳ ತಂದೆ ಊರೆಲ್ಲ ಹೇಳಿಕೊಂಡಿದ್ದಾರೆ, ಆ ಸಂತೋಷವನ್ನು ಕಿತ್ತುಕೊಳ್ಳಲು ನಾನು ಯಾರು? ಹೀಗೆ ನನ್ನ ಹೆಸರಿನ ಆಸೆಗೆ ಅವಳ ಸಂತೋಷದ ಹೊದಿಕೆ ಹೊದಿಸಿದೆ. ಊಟಕ್ಕೆ ಕುಳಿತಾಗ ಸಾರಿಗೆ ಉಪ್ಪು ಹಾಕಿಲ್ಲವೆಂದು ಯಜಮಾನರು ಹೇಳಿದ್ದೇ ತಡ, ಅಳು ಬಂದುಬಿಟ್ಟು ಎಲ್ಲ ಹೇಳಿದೆ. ಅವರು ಉಪ್ಪಿನ ಡಬ್ಬಿಗೆ ಕೈ ಚಾಚಿಕೊಂಡೇ ಕೇಳಿಸಿಕೊಂಡರು. "ಮಾಲು ಗೇಟ್ ದಾಟೋಕ್ ಮುಂಚೆ ಹೇಳ್ಬುಡು ಕಣೆ. ದಾಟಿದ್ಮೇಲೆ ಹೇಳಿದ್ರೆ ಒಪ್ಕೊಂಡಂಗಾಗಲ್ಲ, ಸಿಕ್ಕಾಕೊಂಡಂಗಾಗುತ್ತೆ" ಎಂದರು. ನಲವತ್ತು ವರ್ಷದಲ್ಲಿ ಅವರ ತಪಾಸಣೆಯನ್ನು ನಾನು ಮೆಚ್ಚಿಕೊಂಡದ್ದು ಅಂದೇ ಮೊದಲು.

ಶನಿವಾರ ಬೆಳಿಗ್ಗೆ ಪವಿತ್ರಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ದೀಪ ಓರೆಮಾಡಿ, ನೋಡು ಎಂದೆ. ಅವಳು ನೋಡಿದಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ತಪ್ಪು ನನ್ನದು, ನೋಡದೆ ತುಂಬಿಸಿದೆ, ಕೈ ಅಭ್ಯಾಸಬಲದಿಂದ ಮನೆಬಾಗಿಲ ರಂಗೋಲಿಯನ್ನು ಅದರ ಬೆನ್ನ ಮೇಲೆ ಹಾಕಿಬಿಟ್ಟಿತು ಎಂದು ನಾನು ಒಂದೇ ಸಮನೆ ಹೇಳುತ್ತಾ ಹೋದೆ. ಅವಳು ಬೈಯಲಿ, ಅಳಲಿ ಎಂದು ಕಾದೆ. ಅವಳು ಎದ್ದುಹೋಗಿ ತನ್ನ ಹಳೆಯ ನೋಟ್‌ಬುಕ್ಕನ್ನು ತಂದು, ಒಂದು ಪುಟ ತೆರೆದು ನನ್ನ ಮುಂದಿಟ್ಟಳು. ಪ್ರಾಣಿ ಬಂದ ಮೊದಲ ವಾರದ ಪುಟ. ನಡುಭಾಗದ ಕಾಳುಗಳು ನೇರ ಸಾಲಿನಲ್ಲಿವೆ ಎಂದು ದುಂಡಗೆ ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ ಎಳೆದು ಹೊಡೆದುಹಾಕಲಾಗಿತ್ತು.

"ನಿಮ್ ಚಿತ್ರ ನೋಡಿದ್ಮೇಲೆ ಹೊಡೆದಾಕ್ಬುಟ್ಟೆ ಮೇಡಂ" ಎಂದಳು. "ನಂಗೇ ಸರಿಯಾಗಿ ಕಂಡಿಲ್ವೇನೋ ಅನ್ಕೊಂಡೆ. ನೀವು ಎಷ್ಟ್ ವರ್ಷದಿಂದ ನೋಡಿರೋರು."

ಆಗ ನನಗಾದ ದುಃಖವನ್ನು ಏನೆಂದು ಹೇಳಲಿ. ತಪ್ಪಾಗಿ ಬರೆದದ್ದಕ್ಕೆ ಅಷ್ಟು ನೋವಾಗಿರಲಿಲ್ಲ. ಸರಿಯಾಗಿ ಕಂಡಿದ್ದ ಒಂದು ಜೊತೆ ಕಣ್ಣುಗಳು ನನ್ನ ಕೈಯನ್ನು ನೋಡಿ ತಮ್ಮನ್ನೇ ಸುಳ್ಳೆಂದುಕೊಂಡಿದ್ದವು. ಯಾರೂ ನೋಡದ ಕತ್ತಲೆಯಲ್ಲಿ ಆ ಪ್ರಾಣಿ ತನ್ನ ಸಾಲುಗಳನ್ನು ಅಷ್ಟು ನೇರವಾಗಿ ಕಾಪಾಡಿಕೊಂಡು ಬಂದಿತ್ತು. ಬೆಳಕಿಗೆ ಬಂದು, ನಮ್ಮಿಬ್ಬರ ಕಣ್ಣೆದುರಿಗೆ, ಅದು ಅವನ್ನು ಕಳೆದುಕೊಂಡಿತ್ತು. ನಾನು ಕ್ಷಮಿಸು ಎಂದೆ. ವಯಸ್ಸಾದವರು ಹಾಗೆನ್ನಬಾರದೆಂದು ಅವಳು ಗಾಬರಿಯಾದಳು. ಆಮೇಲೆ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು; ಅತ್ತಿದ್ದಳೆಂದು ಗೊತ್ತಾಯಿತು. ಮಾರ್ಗದರ್ಶಕರಿಗೆ ಇಬ್ಬರೂ ಹೋಗಿ ಹೇಳಿದೆವು. ಸೋಮವಾರ ಏನೂ ಹೋಗಲಿಲ್ಲ. ಲೇಖನ ಅರ್ಧ ಪುಟದ ಟಿಪ್ಪಣಿಗೆ ಇಳಿಯಿತು, ಸುಶೀಲೇ ಎಂಬ ಜೀವಿ ಹುಟ್ಟುವ ಮೊದಲೇ ನಿರ್ನಾಮವಾಯಿತು. ಮನೆಯಲ್ಲಿ ಏನೆಂದರು ಎಂದು ಅಂಜುತ್ತಲೇ ಕೇಳಿದೆ. "ನಮ್ಮಪ್ಪ, ಹಳೇದಾದ್ರೇನವ್ವ ನೀನ್ ಹೊಸದಾಗಿ ನೋಡ್ದಲ್ಲ ಅಂದ್ರು. ಅಮ್ಮ, ತಿಂದ ಒಬ್ಬಟ್ಟನ್ನಂತೂ ವಾಪಸ್ ಕೇಳಲ್ಲ ಅಂತ ಹೇಳು ಅಂದ್ರು" ಎಂದು ಅವಳು ಸ್ವಲ್ಪ ನಕ್ಕಳು.

ಟಿಪ್ಪಣಿಗೂ ಚಿತ್ರ ಬೇಕಲ್ಲ. ಈ ಬಾರಿ ನಾನೊಂದು ಕರಾರು ಹಾಕಿದೆ: ನೋಡುವುದು ಅವಳು, ಇಡುವುದು ನಾನು. ಮನೆಗೆ ಒಯ್ಯುವಂತಿಲ್ಲ, ರೇಡಿಯೊ ಇಲ್ಲ, ತುಂಬಿಸುವಂತಿಲ್ಲ. ಅವಳು ಕಣ್ಣನ್ನು ಮಸೂರಕ್ಕಿಟ್ಟು ಒಂದೊಂದೇ ಕಾಳನ್ನು ಹೇಳುವುದು, ನಾನು ಒಂದೊಂದೇ ಚುಕ್ಕಿ ಇಡುವುದು. ಮೊದಮೊದಲು ಅವಳ ದನಿ ನನ್ನ ಪೆನ್ನಿನ ಹಿಂದೆ ಅಂಜಿಕೊಂಡು ಬರುತ್ತಿತ್ತು. ನಾನು ಇಟ್ಟ ಮೇಲೆ ಹೌದು ಮೇಡಂ ಎನ್ನುತ್ತಿದ್ದಳು. ಮೂರನೆಯ ಹೆಂಚಿನ ಹೊತ್ತಿಗೆ ದನಿ ಪೆನ್ನಿನ ಮುಂದೆ ನಡೆಯತೊಡಗಿತು. ಹೀಗೆ ಹತ್ತಾರು ಮಧ್ಯಾಹ್ನಗಳು ಕಳೆದವು. ಕಿಟಕಿಯಾಚೆ ಊರು ತನ್ನ ಪಾಡಿಗೆ ತೂಕಡಿಸುತ್ತಿತ್ತು. ನಾವಿಬ್ಬರು ನಿಧಾನವಾಗಿ ಆ ಸಣ್ಣ ಬೆನ್ನಿನ ಉದ್ದಕ್ಕೂ ನಡೆದೆವು.

ಎಂಟನೆಯ ಹೆಂಚಿನಲ್ಲಿ, ಮುಗಿಯಲು ಎರಡು ಸಾಲು ಉಳಿದಿರುವಾಗ, ಅವಳು ಹೇಳುವ ಮೊದಲೇ ನನ್ನ ಪೆನ್ನು ಒಂದು ಖಾಲಿ ಜಾಗಕ್ಕೆ ಇಳಿದು ಚುಕ್ಕಿ ಇಟ್ಟಿತು.

"ಇಲ್ಲ ಮೇಡಂ. ಅಲ್ಲಿಲ್ಲ" ಎಂದಳು.

"ಸರಿಯಾಗಿ ನೋಡಿದ್ಯಾ?" ಎಂದು ಕೇಳಿದೆ, ಹಳೆಯ ಅಭ್ಯಾಸದಿಂದಲೇ.

ಅವಳು ಮಸೂರದಿಂದ ಕಣ್ಣೆತ್ತಲಿಲ್ಲ, ನನ್ನ ಚಿತ್ರದ ಕಡೆಗೆ ತಿರುಗಲೂ ಇಲ್ಲ. "ನೋಡ್ದೆ. ಇಲ್ಲ" ಎಂದಳು.

ನಾನು ಬ್ಲೇಡು ತೆಗೆದುಕೊಂಡು ಆ ಚುಕ್ಕಿಯನ್ನು ಕೆರೆದು ಹಾಕಿದೆ.